ಕೌತ್ಸನು ಒಲ್ಲದ ಹೊನ್ನು

ವಿಜಯದಶಮಿಯ ಸಂಜೆ ಪುಣೆಯ ಮನೆಮನೆಗಳಲ್ಲಿ ಎಲೆಯು ಹೊನ್ನಾಗುತ್ತದೆ. ಮರಾಠಿ ನೆರೆಹೊರೆಯವರು ಆಪಟೆಯ ಎಲೆಯನ್ನು ಕೈಗಿತ್ತು ಅದನ್ನು ‘ಸೋನೆ’ ಎಂದು ಕರೆಯುತ್ತಾರೆ. ಧಾರವಾಡ, ವಿಜಾಪುರ, ಕಲಬುರ್ಗಿಗಳ ಕಡೆಯಿಂದ ಬಂದು ಇಲ್ಲಿ ನೆಲಸಿದ ಕನ್ನಡ ಮನೆತನಗಳವರು ಬನ್ನಿಯ ಎಲೆಯನ್ನಿತ್ತು, ಬನ್ನಿ ತಗೊಂಡು ಬಂಗಾರದ್ಹಾಂಗ ಇರೋಣ ಎನ್ನುತ್ತಾರೆ. ಕಿರಿಯರು ಹಿರಿಯರ ಕಾಲಿಗೆರಗುತ್ತಾರೆ. ವರ್ಷವಿಡೀ ಮಾತು ಬಿಟ್ಟಿದ್ದ ದಾಯಾದಿಗಳೂ ಅಂದು ಹೊಸ್ತಿಲು ದಾಟಿ ಬರುವುದುಂಟು. ಎಲೆ ಕೊಟ್ಟವನು ಬಡವನಾಗುವುದಿಲ್ಲ, ಕೊಂಡವನು ಸಿರಿವಂತನಾಗುವುದಿಲ್ಲ. ಆದರೂ ಅದಕ್ಕೆ ಹೊನ್ನೆಂದೇ ಹೆಸರು.

ಈ ಹೆಸರಿನ ಹಿಂದೆ ಒಂದು ಕಥೆಯಿದೆ. ಪಾಂಡವರು ಬನ್ನಿಯ ಮರದಲ್ಲಿ ಆಯುಧಗಳನ್ನು ಬಚ್ಚಿಟ್ಟ ಕಥೆ ಎಲ್ಲರಿಗೂ ಗೊತ್ತು. ಅದು ಆಯುಧದ ಕಥೆ. ಇದಾದರೋ ಅರ್ಥದ ಕಥೆ. ಧರ್ಮ, ಅರ್ಥ, ಕಾಮ, ಮೋಕ್ಷಗಳೆಂಬ ನಾಲ್ಕು ಪುರುಷಾರ್ಥಗಳಲ್ಲಿ ಎರಡನೆಯದರ ಕಥೆ. ಹರಿಕಥೆಗಳಲ್ಲಿ ಈಚೆಗೆ ಇದು ಅಷ್ಟಾಗಿ ಕೇಳಬರುತ್ತಿಲ್ಲವಾದುದರಿಂದ ಸ್ವಲ್ಪ ವಿವರವಾಗಿಯೇ ಹೇಳುವುದು ಒಳ್ಳೆಯದು.

ವರತಂತುವೆಂಬ ಋಷಿಯ ಶಿಷ್ಯ ಕೌತ್ಸ. ವಿದ್ಯೆ ಮುಗಿದಾಗ ಅವನು ಗುರುದಕ್ಷಿಣೆ ಏನು ತರಲೆಂದು ಕೇಳಿದನು. ನಿನ್ನ ಸೇವೆಯೇ ಸಾಕು ಎಂದರು ಗುರುಗಳು. ಶಿಷ್ಯನು ಬಿಡಲಿಲ್ಲ, ಮತ್ತೆ ಮತ್ತೆ ಕೇಳಿದನು. ಕೊನೆಗೆ ಗುರುಗಳಿಗೆ ಕೋಪ ಬಂದಿತು. ಹದಿನಾಲ್ಕು ವಿದ್ಯೆಗಳನ್ನು ಕಲಿತಿರುವೆ, ವಿದ್ಯೆಗೊಂದರಂತೆ ಹದಿನಾಲ್ಕು ಕೋಟಿ ಹೊನ್ನನ್ನು ತಂದುಕೊಡು ಎಂದುಬಿಟ್ಟರು. ಕೌತ್ಸನು ಸಾಕೇತಕ್ಕೆ, ರಘುವಿನ ಅರಮನೆಗೆ ಬಂದನು. ಆದರೆ ರಘುವು ಆಗತಾನೆ ವಿಶ್ವಜಿತ್ ಯಾಗವನ್ನು ಮುಗಿಸಿದ್ದನು. ಇದ್ದುದೆಲ್ಲವನ್ನೂ ದಾನಮಾಡಿಬಿಡಬೇಕಾದ ಯಾಗವದು. ಬಂದ ಅತಿಥಿಗೆ ಅರ್ಘ್ಯವನ್ನು ಕೊಡಲು ಚಿನ್ನದ ಪಾತ್ರೆಯಿರಲಿ, ತಾಮ್ರದ್ದೂ ಉಳಿದಿರಲಿಲ್ಲ. ಚಕ್ರವರ್ತಿಯು ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯವನ್ನು ಹಿಡಿದು ಬಂದನು. ಪಾತ್ರೆಯನ್ನು ನೋಡಿದೊಡನೆ ಕೌತ್ಸನಿಗೆ ಎಲ್ಲವೂ ತಿಳಿಯಿತು. ಕೇಳುವ ಮೊದಲೇ ಹೊರಟುನಿಂತನು. ತನ್ನ ಬಾಗಿಲಿಗೆ ಬಂದ ಯಾಚಕನು ಬರಿಗೈಯಿಂದ ಬೇರೊಬ್ಬ ದಾನಿಯನ್ನು ಹುಡುಕಿಹೋದನೆಂಬ ಮಾತು ರಘುವಿಗೆ ಸಹ್ಯವಾಗಲಿಲ್ಲ. ಎರಡು ಮೂರು ದಿನ ಅಗ್ನಿಶಾಲೆಯಲ್ಲಿ ತಂಗಿರೆಂದು ಬೇಡಿ, ಕುಬೇರನ ಮೇಲೆ ದಂಡೆತ್ತಿಹೋಗಲು ನಿಶ್ಚಯಿಸಿ, ಆ ರಾತ್ರಿ ಶಸ್ತ್ರಸಜ್ಜಿತನಾಗಿ ರಥದಲ್ಲಿಯೇ ಮಲಗಿದನು. ಬೆಳಗಾಗುವಷ್ಟರಲ್ಲಿ ಕೋಶಾಧಿಕಾರಿಗಳು ಓಡಿಬಂದರು. ಬೊಕ್ಕಸದಲ್ಲಿ ಹೊನ್ನಿನ ಮಳೆ ಸುರಿದಿತ್ತು.

ಕಥೆಯ ಜೀವವಿರುವುದು ಇನ್ನು ಮುಂದೆ. ರಘುವು ಆ ರಾಶಿಯಷ್ಟನ್ನೂ ಕೌತ್ಸನಿಗೆ ಒಪ್ಪಿಸಿದನು. ಅದು ನಿನಗಾಗಿ ಬಂದುದು, ನನ್ನದಲ್ಲವೆಂದನು. ಕೌತ್ಸನು ಹದಿನಾಲ್ಕು ಕೋಟಿಗಿಂತ ಒಂದು ಹೊನ್ನನ್ನೂ ಹೆಚ್ಚಾಗಿ ಮುಟ್ಟಲೊಲ್ಲನು. ಗುರುವಿಗೆ ಸಲ್ಲಬೇಕಾದುದು ಅಷ್ಟು, ಮಿಕ್ಕುದು ನನ್ನದಲ್ಲವೆಂದನು. ಕೊಡುವವನು ಹೆಚ್ಚು ಕೊಡಲು ಹಟಹಿಡಿದಿದ್ದಾನೆ, ಕೊಳ್ಳುವವನು ಹೆಚ್ಚು ಕೊಳ್ಳಲಾರೆನೆಂದು ಹಟಹಿಡಿದಿದ್ದಾನೆ. ಸಾಕೇತದ ಜನರು ಇಬ್ಬರಿಗೂ ಕೈಮುಗಿದರೆಂದು ಕಾಳಿದಾಸನು ರಘುವಂಶದ ಐದನೆಯ ಸರ್ಗದಲ್ಲಿ ಹೇಳಿದ್ದಾನೆ. ಲೋಕದಲ್ಲಿ ಹೊನ್ನಿನ ವ್ಯಾಜ್ಯಗಳು ಎಷ್ಟೋ ನಡೆದಿವೆ. ಇಂಥ ವ್ಯಾಜ್ಯ ಇದೊಂದೇ ಇರಬೇಕು.

ಮಿಕ್ಕ ಹೊನ್ನು ಏನಾಯಿತು? ಕವಿ ಅದನ್ನು ವಿವರಿಸಲು ಹೋಗಲಿಲ್ಲ. ಒಂಟೆಗಳೂ ಹೆಣ್ಣುಕುದುರೆಗಳೂ ಹೊತ್ತ ಸಂಪತ್ತಿನೊಡನೆ ಮುನಿಯು ರಾಜನಿಗೆ ಪುತ್ರಪ್ರಾಪ್ತಿಯ ಆಶೀರ್ವಾದವನ್ನಿತ್ತು ಹೊರಟನು, ಅಜನು ಹುಟ್ಟಿದನು, ಕಾವ್ಯ ಮುಂದುವರಿಯಿತು. ಆದರೆ ಜನರಿಗೆ ಅದು ಸಾಕೆನಿಸಲಿಲ್ಲ. ಹೊನ್ನು ಸುರಿದುದು ಬೊಕ್ಕಸದಲ್ಲಲ್ಲ, ಊರ ಹೊರಗಿನ ಮರದ ಮೇಲೆ ಎಂದು ಅವರು ಕಥೆಯನ್ನು ತಿದ್ದಿಕೊಂಡರು. ಇಬ್ಬರೂ ಒಲ್ಲೆನೆಂದ ಹೊನ್ನನ್ನು ಮರದ ಬುಡದಲ್ಲಿ ಬಿಟ್ಟರೆಂದೂ ವಿಜಯದಶಮಿಯಂದು ಊರವರೆಲ್ಲ ಅದನ್ನು ಹಂಚಿಕೊಂಡರೆಂದೂ ಹೇಳಿದರು. ಕವಿ ಬಿಟ್ಟ ಪ್ರಶ್ನೆಗೆ ಜನರು ಕೊಟ್ಟ ಉತ್ತರವಿದು. ಅಗತ್ಯವನ್ನು ಮೀರಿ ಉಳಿದುದು ಕೊಟ್ಟವನದೂ ಅಲ್ಲ, ಕೊಂಡವನದೂ ಅಲ್ಲ, ಊರಿನದು. ಕೈಯಿಂದ ಕೈಗೆ ಹೋಗುವ ಎಲೆಯು ಆ ಹಂಚಿಕೆಯ ನೆನಪು.

ಇಲ್ಲೊಂದು ಮಾತು. ಈ ನೆನಪಿಗಾಗಿ ಇಂದು ಗುಡ್ಡಗಳ ಆಪಟೆ ಮರಗಳನ್ನು ಕೊಂಬೆಸಹಿತ ಕಡಿದು ರಾಶಿರಾಶಿಯಾಗಿ ಪೇಟೆಗೆ ತರಲಾಗುತ್ತಿದೆ. ಮಾರನೆಯ ದಿನ ಅದರಲ್ಲಿ ಹೆಚ್ಚಿನ ಪಾಲು ಕಸದ ಗಾಡಿಯನ್ನು ಸೇರುತ್ತದೆ. ಒಂದು ಹೊನ್ನನ್ನೂ ಹೆಚ್ಚಾಗಿ ಮುಟ್ಟದವನ ಹಬ್ಬವನ್ನು ಆಚರಿಸುವ ಬಗೆ ಇದಲ್ಲ.

ಇಂದಿನ ವಿಶ್ವವಿದ್ಯಾಲಯಗಳಲ್ಲಿ ಕಲಿಸುವ ಅರ್ಥಶಾಸ್ತ್ರವು ಮೊದಲ ಪಾಠದಲ್ಲಿಯೇ ಒಂದು ಸೂತ್ರವನ್ನು ಹೇಳುತ್ತದೆ: ಮನುಷ್ಯನ ಬಯಕೆಗಳಿಗೆ ಮಿತಿಯಿಲ್ಲ, ಅವುಗಳನ್ನು ಪೂರೈಸುವ ಸಾಧನಗಳಿಗೆ ಮಿತಿಯಿದೆ. ಈ ಸೂತ್ರದ ಮೇಲೆಯೇ ಉಳಿದ ಕಟ್ಟಡವೆಲ್ಲ ನಿಂತಿದೆ. ಉತ್ಪಾದನೆ ಪ್ರತಿವರ್ಷ ಹೆಚ್ಚಬೇಕು. ಹೆಚ್ಚದಿದ್ದರೆ ಅದನ್ನು ರೋಗವೆಂದು ತಿಳಿಯಬೇಕು. ಸೂತ್ರದ ಎರಡನೆಯ ಅರ್ಧ ಸುಳ್ಳಲ್ಲ. ಮೊದಲನೆಯ ಅರ್ಧವನ್ನು ಮಾತ್ರ ಕೌತ್ಸನು ಒಪ್ಪುತ್ತಿರಲಿಲ್ಲ. ಅವನ ಬಯಕೆಗೆ ಒಂದು ಸಂಖ್ಯೆಯಿತ್ತು. ಸಣ್ಣ ಸಂಖ್ಯೆಯೇನಲ್ಲ, ಹದಿನಾಲ್ಕು ಕೋಟಿ! ಅವನು ಬಡತನವನ್ನು ಹೊಗಳಿದವನಲ್ಲ, ಹಣವನ್ನು ಹಳಿದವನೂ ಅಲ್ಲ. ಬೇಕಾದುದನ್ನು ನಾಚದೆ ಕೇಳಿ, ಬೇಕಾದಷ್ಟಾದೊಡನೆ ಕೈಯನ್ನು ಹಿಂದಕ್ಕೆಳೆದುಕೊಂಡವನು. ವೈರಾಗ್ಯವೆಂದರೆ ಏನೂ ಬೇಡವೆನ್ನುವುದೆಂದು ಅನೇಕರು ತಿಳಿದಿದ್ದಾರೆ. ಗೃಹಸ್ಥನಿಗೆ ಅದು ಸಾಧ್ಯವೂ ಅಲ್ಲ, ವಿಹಿತವೂ ಅಲ್ಲ. ಎಷ್ಟು ಬೇಕೆಂದು ತಿಳಿದಿರುವುದು, ಅಷ್ಟರಲ್ಲಿ ನಿಲ್ಲುವುದು ಮಾತ್ರ ಅವನಿಗೆ ಸಾಧ್ಯ.

ಪುಣೆಯ ಕನ್ನಡಿಗರಿಗೆ ಈ ಮಾತನ್ನು ಕೇಳಲು ಸಾಕೇತದವರೆಗೆ ಹೋಗಬೇಕಾಗಿಲ್ಲ. ನಗರದ ಆಗ್ನೇಯಕ್ಕೆ ಕಾಣುವ ಬೆಟ್ಟಸಾಲಿನಲ್ಲಿ ಪುರಂದರಗಡವಿದೆ. 1665ರಲ್ಲಿ ಶಿವಾಜಿ ಮಹಾರಾಜರಿಗೂ ಜಯಸಿಂಗನಿಗೂ ಒಪ್ಪಂದವಾದ ಕೋಟೆಯೆಂದು ಚರಿತ್ರೆಯ ಪುಸ್ತಕಗಳು ಅದನ್ನು ನೆನೆಯುತ್ತವೆ. ಹರಿದಾಸರ ಭಕ್ತರು ನೆನೆಯುವುದು ಬೇರೊಂದು ಕಾರಣಕ್ಕೆ. ಪುರಂದರದಾಸರ ಜನ್ಮಸ್ಥಳ ಇದೇ ಎಂದು ಬಹುಕಾಲದ ನಂಬಿಕೆ. ಮಲೆನಾಡಿನ ತೀರ್ಥಹಳ್ಳಿಯ ಕಡೆಯ ಆರಗವೇ ಅವರ ಊರೆಂದು ಹೇಳುವ ವಿದ್ವಾಂಸರೂ ಇದ್ದಾರೆ. ಆ ಚರ್ಚೆ ಇಲ್ಲಿ ಬೇಡ. ದಾಸರಾಗುವ ಮೊದಲು ಅವರು ಶ್ರೀನಿವಾಸ ನಾಯಕರು, ಲೇವಾದೇವಿಯ ವ್ಯಾಪಾರಿ, ನವಕೋಟಿ ನಾರಾಯಣ. ಮಗನ ಉಪನಯನಕ್ಕೆಂದು ಹಣ ಬೇಡಿ ಬಂದ ಬಡ ಬ್ರಾಹ್ಮಣನನ್ನು ಅವರು ದಿನಗಟ್ಟಲೆ ಅಲೆದಾಡಿಸಿದುದು, ಅವನು ಮನೆಗೆ ಹೋಗಿ ಕೇಳಿದಾಗ ಸರಸ್ವತೀಬಾಯಿ ಮೂಗುತಿಯನ್ನು ಬಿಚ್ಚಿಕೊಟ್ಟುದು, ಅವನು ಆ ಮೂಗುತಿಯನ್ನು ನಾಯಕರ ಅಂಗಡಿಗೇ ಒತ್ತೆಯಿಡಲು ತಂದುದು, ಪೆಟ್ಟಿಗೆಯೊಳಗಿದ್ದ ಮೂಗುತಿ ಆ ತಾಯಿಯ ವಿಷದ ಬಟ್ಟಲಿನಲ್ಲಿ ಕಾಣಿಸಿಕೊಂಡುದು, ಇವೆಲ್ಲ ಮಕ್ಕಳಿಗೂ ಗೊತ್ತಿರುವ ಕಥೆ.

ಕಥೆ ಹೇಳುವವರು ಮೂಗುತಿಯ ಪವಾಡದಲ್ಲಿಯೇ ನಿಂತುಬಿಡುತ್ತಾರೆ. ನಾಯಕರು ಆ ಮೇಲೆ ಮಾಡಿದುದು ಅದಕ್ಕಿಂತ ದೊಡ್ಡದು. ಪಶ್ಚಾತ್ತಾಪಪಟ್ಟ ಸಾಹುಕಾರನು ಸಾಮಾನ್ಯವಾಗಿ ಒಂದು ಛತ್ರವನ್ನು ಕಟ್ಟಿಸುತ್ತಾನೆ. ದೇವರ ಹುಂಡಿಗೆ ಒಂದು ಗಂಟನ್ನು ಹಾಕಿ ಅಂಗಡಿಯ ಬಾಗಿಲನ್ನು ಮತ್ತೆ ತೆರೆಯುತ್ತಾನೆ. ನಾಯಕರು ಅಂಗಡಿಯನ್ನೇ ಬಿಟ್ಟರು. ಬಡ್ಡಿಗೆ ಬಡ್ಡಿ ಹುಟ್ಟುವ ಬಾಳುವೆಯಿಂದ ಎದ್ದುಬಂದು ವ್ಯಾಸರಾಯರ ಪಾದವನ್ನು ಹಿಡಿದು ಮಧುಕರವೃತ್ತಿಯನ್ನು ಕೈಕೊಂಡರು. ಈ ಹೆಸರನ್ನು ಗಮನಿಸಬೇಕು. ಮಧುಕರವೆಂದರೆ ದುಂಬಿ. ಅದು ಒಂದೇ ಹೂವನ್ನು ಬರಿದುಮಾಡುವುದಿಲ್ಲ. ಹಲವು ಹೂಗಳಿಂದ ಒಂದೊಂದು ಹನಿಯನ್ನು ಕೊಂಡು, ಹೂವು ಕಾಯಾಗುವುದಕ್ಕೂ ತಾನೇ ನೆರವಾಗುತ್ತದೆ. ನವಕೋಟಿಯಿಂದ ದುಂಬಿಯವರೆಗೆ ನಡೆದ ದಾರಿಯನ್ನು ಭಕ್ತಿಯ ಇತಿಹಾಸವೆಂದು ಮಾತ್ರವೇ ಓದುವುದು ಅದರ ಅರ್ಧವನ್ನು ಓದಿದಂತೆ.

ದುಂಬಿಯ ಈ ದೃಷ್ಟಾಂತವನ್ನು ಇಪ್ಪತ್ತನೆಯ ಶತಮಾನದ ಅರ್ಥಶಾಸ್ತ್ರಜ್ಞನೊಬ್ಬನೂ ಬಳಸಿಕೊಂಡನು. ತಂಜಾವೂರಿನಲ್ಲಿ 1892ರಲ್ಲಿ ಹುಟ್ಟಿದ ಜೆ. ಸಿ. ಕುಮಾರಪ್ಪನವರು ಲಂಡನ್ನಿನಲ್ಲಿ ಲೆಕ್ಕಪರಿಶೋಧನೆಯನ್ನೂ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರವನ್ನೂ ಕಲಿತು, ಗಾಂಧೀಜಿಯವರನ್ನು ಸೇರಿ, ಸೂಟನ್ನು ಬಿಟ್ಟು ಖಾದಿಯನ್ನು ಉಟ್ಟವರು. ಸೆರೆಮನೆಯಲ್ಲಿದ್ದಾಗ ಅವರು ಬರೆದ, ಶಾಶ್ವತತೆಯ ಅರ್ಥವ್ಯವಸ್ಥೆಯನ್ನು ಕುರಿತ ಪುಸ್ತಕಕ್ಕೆ 1945ರಲ್ಲಿ ಗಾಂಧೀಜಿ ಮುನ್ನುಡಿ ಬರೆದರು. ಬದುಕುವ ರೀತಿಗಳನ್ನು ಕುಮಾರಪ್ಪನವರು ಪ್ರಾಣಿಗಳಿಂದ ಗುರುತಿಸುತ್ತಾರೆ. ಹುಲಿಯು ತನ್ನ ಆಹಾರದ ಮೂಲವನ್ನೇ ಕೊಂದು ತಿನ್ನುತ್ತದೆ. ಕೋತಿಯು ತಾನು ನೆಡದ, ನೀರೆರೆಯದ ಮರದ ಹಣ್ಣನ್ನು ಕಿತ್ತು ತಿನ್ನುತ್ತದೆ. ಹಕ್ಕಿಯು ತಾನೇ ದುಡಿದು ಗೂಡು ಕಟ್ಟುತ್ತದೆ. ಜೇನು ತನಗಾಗಿ ಅಲ್ಲ, ಗೂಡಿನ ಎಲ್ಲರಿಗಾಗಿ ಕೂಡಿಸುತ್ತದೆ. ಎಲ್ಲಕ್ಕಿಂತ ಮೇಲಿನದು ಮರಿಗೆ ಗುಟುಕು ಕೊಡುವ ತಾಯಿಹಕ್ಕಿ. ಅದು ಪ್ರತಿಫಲವನ್ನೇ ಬಯಸದು.

ಕುಮಾರಪ್ಪನವರು ಕಾಣಿಸಿದ ಇನ್ನೊಂದು ಭೇದ ಇದಕ್ಕಿಂತ ಉಪಯುಕ್ತ. ಪ್ರಕೃತಿಯ ಸಂಪತ್ತಿನಲ್ಲಿ ಕೂಡಿಟ್ಟ ಗಂಟೊಂದು, ಹರಿಯುವ ಹೊನಲೊಂದು. ಕಲ್ಲಿದ್ದಲು, ಎಣ್ಣೆ, ಅದಿರು ಇವು ಗಂಟು. ತೆಗೆದಷ್ಟೂ ಕರಗುತ್ತವೆ, ಕರಗಿದಷ್ಟೂ ಜಗಳ ಹೆಚ್ಚುತ್ತದೆ. ಮಳೆ, ಹೊಳೆ, ಕಾಡಿನ ಬೆಳೆ ಇವು ಹೊನಲು. ಹರಿಯುವಷ್ಟರಲ್ಲಿ ಬಾಳಿದರೆ ಬತ್ತುವುದಿಲ್ಲ. ಬಾಳುವೆಯನ್ನು ಗಂಟಿನ ಮೇಲೆ ಕಟ್ಟಬೇಡಿ, ಹೊನಲಿನ ಮೇಲೆ ಕಟ್ಟಿ ಎಂಬುದು ಅವರ ಉಪದೇಶದ ತಿರುಳು. ಸ್ವಾತಂತ್ರ್ಯ ಬಂದ ಹೊಸತರಲ್ಲಿ, ದೊಡ್ಡ ಅಣೆಕಟ್ಟು, ದೊಡ್ಡ ಕಾರ್ಖಾನೆಗಳ ಉತ್ಸಾಹದಲ್ಲಿ, ಈ ಮಾತು ಹೆಚ್ಚು ಜನರ ಕಿವಿಗೆ ಬೀಳಲಿಲ್ಲ. 1960ರಲ್ಲಿ ಕುಮಾರಪ್ಪನವರು ತೀರಿಕೊಂಡರು. 1973ರಲ್ಲಿ ಷೂಮಾಕರನೆಂಬ, ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲಸಿದ ಅರ್ಥಶಾಸ್ತ್ರಜ್ಞನು ‘ಸಣ್ಣದೇ ಸುಂದರ’ವೆಂದು ಸಾರಿದ ತನ್ನ ಪುಸ್ತಕದಲ್ಲಿ ಕುಮಾರಪ್ಪನವರನ್ನು ಗೌರವದಿಂದ ಉದ್ಧರಿಸಿದಾಗ, ಭಾರತದ ವಿದ್ಯಾವಂತರು ಅವರತ್ತ ಮತ್ತೆ ತಿರುಗಿದರು. ಮನೆಯ ಮಾತು ಹೊರಗಿನಿಂದ ಸುತ್ತಿಬಂದರೇ ರುಚಿ!

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹುರುಳಿಲ್ಲದ್ದಲ್ಲ. ಕೌತ್ಸನು ಮುನಿ, ಪುರಂದರದಾಸರು ಮಹಾತ್ಮರು. ಮಿತಿಯು ಅವರ ಅಂತರಂಗದಿಂದ ಹುಟ್ಟಿತು. ಅಂತಹ ಅಂತರಂಗವಿಲ್ಲದ ಸಾಮಾನ್ಯರು ಏನು ಮಾಡಬೇಕು? ಒಬ್ಬನು ಕೈಯನ್ನು ಹಿಂದೆಗೆದರೆ ಪಕ್ಕದವನು ಎರಡು ಕೈಯಿಂದ ಬಾಚಿಕೊಳ್ಳುವ ಲೋಕದಲ್ಲಿ, ಒಳ್ಳೆಯತನವೆಂಬುದು ಬರಿಯ ನಷ್ಟವಲ್ಲವೆ?

ಇದಕ್ಕೆ ಕಲ್ಯಾಣದ ಶರಣರು ಒಂದು ಉತ್ತರವನ್ನು ಕೊಟ್ಟಿದ್ದಾರೆ. ಆಯ್ದಕ್ಕಿ ಮಾರಯ್ಯನ ಕಾಯಕ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಹೆಂಡತಿ ಲಕ್ಕಮ್ಮ ಮೊರವನ್ನು ನೋಡಿದೊಡನೆಯೇ ಗುರುತಿಸಿದಳು. ಇದು ನಮ್ಮ ಪಾಲಿನದಲ್ಲ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಮಾರಯ್ಯನು ಕಳ್ಳನಲ್ಲ, ಲೋಭಿಯೂ ಅಲ್ಲ, ಶಿವಭಕ್ತ. ಆದರೂ ಅವನ ಕೈಗೂ ಆ ಒಂದು ದಿನ ಅಳತೆ ತಪ್ಪಿತು. ತಪ್ಪಿದುದನ್ನು ಎಣಿಸಿ ಹೇಳುವ ಇನ್ನೊಂದು ಕಣ್ಣು ಮನೆಯಲ್ಲಿದ್ದುದರಿಂದ ಅವನ ವ್ರತ ಉಳಿಯಿತು. ಮಿತಿಯು ಒಬ್ಬನ ಮನಸ್ಸಿನಲ್ಲಿ ಮಾತ್ರ ಇದ್ದರೆ ಉಳಿಯುವುದಿಲ್ಲ. ಅದಕ್ಕೆ ಅಳತೆಯೂ ಬೇಕು, ಅಳೆಯುವ ಜೊತೆಗಾರರೂ ಬೇಕು.

ಗಾಂಧೀಜಿಯವರ ಧರ್ಮದರ್ಶಿತ್ವದ ವಿಚಾರಕ್ಕೂ ಇದೇ ಪರೀಕ್ಷೆ ಒದಗಿತು. ಸಿರಿವಂತನು ತನ್ನ ಸಂಪತ್ತಿಗೆ ಒಡೆಯನಲ್ಲ, ದೇವಸ್ಥಾನದ ಧರ್ಮದರ್ಶಿಯಂತೆ ಅದರ ಪಾಲಕ ಎಂದು ಅವರು ಹೇಳುತ್ತ ಬಂದರು. ಸಿರಿವಂತರ ಹೃದಯ ಕರಗುವವರೆಗೆ ಹಸಿದವರು ಕಾಯಬೇಕೆ ಎಂದು ಟೀಕಾಕಾರರು ಕೇಳಿದರು. 1942ರ ಆಗಸ್ಟಿನಿಂದ 1944ರ ಮೇ ತಿಂಗಳವರೆಗೆ ಗಾಂಧೀಜಿ ಬಂಧನದಲ್ಲಿದ್ದುದು ಇದೇ ಪುಣೆಯ ಆಗಾಖಾನ್ ಅರಮನೆಯಲ್ಲಿ. ಮಹಾದೇವ ದೇಸಾಯಿಯವರೂ ಕಸ್ತೂರಬಾ ಅವರೂ ಕೊನೆಯುಸಿರೆಳೆದುದು ಅಲ್ಲಿಯೇ. ಆ ಬಿಡುಗಡೆಯ ನಂತರ ಧರ್ಮದರ್ಶಿತ್ವದ ಒಂದು ಕರಡು ಸಿದ್ಧವಾಯಿತು. ಅರ್ಥಶಾಸ್ತ್ರಜ್ಞ ದಾಂತವಾಲಾ ಅವರ ಕೈವಾಡವಿದ್ದ ಅದನ್ನು ಗಾಂಧೀಜಿಯೇ ತಿದ್ದಿದರು. ಹೃದಯಪರಿವರ್ತನೆಯ ಮಾತಿನೊಡನೆ ಅದರಲ್ಲಿ ಕಾನೂನಿನ ಮಾತೂ ಬಂದಿತು. ಬದುಕಲು ತಕ್ಕ ಕನಿಷ್ಠ ಕೂಲಿಯನ್ನು ಗೊತ್ತುಪಡಿಸುವಂತೆಯೇ ಒಬ್ಬನು ಪಡೆಯಬಹುದಾದ ಗರಿಷ್ಠ ಆದಾಯವನ್ನೂ ಗೊತ್ತುಪಡಿಸಬೇಕೆಂದಿತು. ಕೆಳಗೊಂದು ನೆಲ, ಮೇಲೊಂದು ಸೂರು. 2017ರಲ್ಲಿ ಕೇಟ್ ರಾವರ್ತ್ ಎಂಬ ಆಂಗ್ಲ ಅರ್ಥಶಾಸ್ತ್ರಜ್ಞೆ ತಮ್ಮ ಪುಸ್ತಕದಲ್ಲಿ ಇದನ್ನೇ ಎರಡು ವರ್ತುಲಗಳಾಗಿ ಬರೆದು ತೋರಿಸಿದ್ದಾರೆ: ಒಳವರ್ತುಲದೊಳಕ್ಕೆ ಯಾರೂ ಬೀಳಬಾರದು, ಅದು ಹಸಿವಿನ ತೂತು, ಹೊರವರ್ತುಲವನ್ನು ಯಾರೂ ದಾಟಬಾರದು, ಅದರಾಚೆಗೆ ಭೂಮಿ ತಾಳಲಾರದು. ಆ ಚಿತ್ರಕ್ಕೆ ಅವರಿತ್ತ ಹೆಸರು ಪಾಶ್ಚಾತ್ಯರ ಒಂದು ಸಿಹಿತಿಂಡಿಯದು. ಹಬ್ಬದ ಎಲೆಯಲ್ಲಿ ಬಡಿಸುವ ಉದ್ದಿನವಡೆಯನ್ನು ನೋಡಿದರೆ ಅದರ ಆಕಾರ ಯಾರಿಗೂ ತಿಳಿದೀತು.

ಇವು ವಿಚಾರಗಳು. ಬಾಳಿ ನೋಡಿದ ಉದಾಹರಣೆ ಬೇಕೆನ್ನುವವರು ಮತ್ತೆ ಪುರಂದರದ ಕಡೆಗೇ ತಿರುಗಬೇಕು. ಗಡದ ಹೆಸರನ್ನೇ ಹೊತ್ತ ಪುರಂದರ ತಾಲ್ಲೂಕು ಮಳೆನೆರಳಿನ ಸೀಮೆ. ಮೈಲಾರಲಿಂಗನ ಒಕ್ಕಲಿನ ಕನ್ನಡಿಗರು ಖಂಡೋಬನ ದರ್ಶನಕ್ಕೆ ಹೋಗುವ ಜೇಜೂರಿ ಇರುವುದು ಅಲ್ಲಿಯೇ. ಅಲ್ಲಿ ಭಂಡಾರದ ಅರಿಸಿನ ಹಾರಿ ಬೆಟ್ಟವೆಲ್ಲ ಹೊನ್ನಾಗುವಾಗ ಮೊಳಗುವ ‘ಯೇಳ್ಕೋಟ’ದಲ್ಲಿ ‘ಏಳುಕೋಟಿ’ ಎಂಬ ಕನ್ನಡ ಅಡಗಿದೆ. ಬೆಟ್ಟದ ಮೇಲೆ ಹೊನ್ನು. ಕೆಳಗಿನ ಹೊಲಗಳಲ್ಲಿ ಮಾತ್ರ ಕುಡಿಯುವ ನೀರಿಗೂ ಬರ.

1972ರ ಬರಗಾಲವನ್ನು ಮಹಾರಾಷ್ಟ್ರದ ಹಿರಿಯರು ಮರೆತಿಲ್ಲ. ವರ್ಧಿಸುತ್ತಲೇ ಹೋಗುವ ಉತ್ಪಾದನೆಗೆ ಭೂಮಿಯಲ್ಲಿ ಸ್ಥಳವಿಲ್ಲವೆಂದು ಎಚ್ಚರಿಸಿದ, ‘ಬೆಳವಣಿಗೆಯ ಮಿತಿ’ಗಳನ್ನು ಕುರಿತ ಪ್ರಸಿದ್ಧ ವರದಿ ಅಮೆರಿಕದಲ್ಲಿ ಅಚ್ಚಾದುದೂ ಅದೇ ವರ್ಷ. ಆದರೆ ಪುರಂದರದ ರೈತನಿಗೆ ಮಿತಿಯನ್ನು ಕಲಿಸಲು ವರದಿ ಬೇಕಾಗಿರಲಿಲ್ಲ. ಹೊಲವನ್ನು ಬಿಟ್ಟು ಬರಪರಿಹಾರದ ಕಾಮಗಾರಿಯಲ್ಲಿ ಅವನು ಕಲ್ಲೊಡೆಯುತ್ತಿದ್ದನು. ಪುಣೆಯಲ್ಲಿ ಕಾರ್ಖಾನೆ ನಡೆಸುತ್ತಿದ್ದ ವಿಲಾಸರಾವ್ ಸಾಳುಂಕೆ ಎಂಬ ಎಂಜಿನಿಯರರು ಆ ದೃಶ್ಯವನ್ನು ಕಂಡರು. ಕಲ್ಲೊಡೆದ ಕೂಲಿ ಇಂದಿನ ಹಸಿವಿಗಾಯಿತು. ಮುಂದಿನ ಬರಕ್ಕೆ ಏನು ಎಂಬ ಚಿಂತೆ ಅವರನ್ನು ಹಿಡಿಯಿತು. ನಾಯಗಾಂವ್ ಎಂಬ ಹಳ್ಳಿಯಲ್ಲಿ ದೇವಸ್ಥಾನಕ್ಕೆ ಸೇರಿದ ಸುಮಾರು 16 ಹೆಕ್ಟೇರು ಬೋಳುಗುಡ್ಡವನ್ನು ಅವರು ಗೇಣಿಗೆ ಪಡೆದರು. ದೇವರ ಹೆಸರಿನಲ್ಲಿದ್ದ, ಯಾರಿಗೂ ಬೇಡವಾಗಿದ್ದ ನೆಲವದು. ಇಳಿಜಾರಿಗೆ ಅಡ್ಡಲಾಗಿ ಸಮಪಾತಳಿಯ ಬದುಗಳನ್ನು ಹಾಕಿಸಿದರು. ಕೆಳಗೆ ನೀರಿಂಗುವ ಕೆರೆ, ಅದರ ಕೆಳಗೆ ಬಾವಿ. ಬಿದ್ದ ಮಳೆ ಓಡಿಹೋಗದೆ ನೆಲಕ್ಕಿಳಿಯಿತು. ಬಾವಿಯಿಂದ ಅದನ್ನು ಮೇಲೆತ್ತಿ ಹೊಲಕ್ಕೆ ಹರಿಸಲಾಯಿತು. ಗುಡ್ಡ ಹಸುರಾಯಿತು.

ಇಷ್ಟು ಮಾತ್ರವಾಗಿದ್ದರೆ ಅದು ಒಳ್ಳೆಯ ಎಂಜಿನಿಯರನ ಕೆಲಸ, ಪ್ರವಚನದ ವಿಷಯವಲ್ಲ. ನೀರು ಬಂದಮೇಲೆ ಹುಟ್ಟಿದ ಪ್ರಶ್ನೆಯೇ ಧರ್ಮದ ಪ್ರಶ್ನೆ. ಈ ನೀರು ಯಾರದು? ಎಲ್ಲೆಡೆಯಲ್ಲಿಯೂ ನಡೆದುಬಂದ ರೂಢಿಯೆಂದರೆ, ಹೆಚ್ಚು ಹೊಲವುಳ್ಳವನಿಗೆ ಹೆಚ್ಚು ನೀರು, ಹೊಲವಿಲ್ಲದವನಿಗೆ ನೀರೇ ಇಲ್ಲ. ನೀರು ಬಂದ ಹೊಲದ ಬೆಲೆ ಏರುತ್ತದೆ, ಸಿರಿವಂತನು ಮತ್ತಷ್ಟು ಸಿರಿವಂತನಾಗುತ್ತಾನೆ. ಪುರಂದರದ ಹಳ್ಳಿಗರು ಸಾಳುಂಕೆಯವರೊಡನೆ ಕುಳಿತು ಈ ರೂಢಿಯನ್ನೇ ತಿರುಗಿಸಿದರು. ಅವರು ಮಾಡಿಕೊಂಡ ಏರ್ಪಾಡಿಗೆ ‘ಪಾನಿ ಪಂಚಾಯತ್’ ಎಂಬ ಹೆಸರು ಬಂತು. ಅದರ ಕಟ್ಟಳೆಗಳು ಕೆಲವೇ. ನೀರು ಹೊಲವನ್ನು ನೋಡಿ ಅಲ್ಲ, ತಲೆಯನ್ನು ಎಣಿಸಿ ಸಲ್ಲತಕ್ಕದ್ದು: ಒಬ್ಬನಿಗೆ ಅರ್ಧ ಎಕರೆಗಾಗುವಷ್ಟು, ಒಂದು ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆಗಾಗುವಷ್ಟು, ಅವನ ಹೊಲ ನೂರು ಎಕರೆಯಿದ್ದರೂ ಅಷ್ಟೇ. ಹೊಲವಿಲ್ಲದವನಿಗೂ ಪಾಲುಂಟು. ಹೊಲವನ್ನು ಮಾರಿದವನು ನೀರಿನ ಹಕ್ಕನ್ನು ಮಾರಲಾರ. ಅದು ಪಂಚಾಯತಿಗೆ ಹಿಂತಿರುಗುತ್ತದೆ. ವೆಚ್ಚದ ಐದರಲ್ಲೊಂದು ಪಾಲನ್ನು ಫಲಾನುಭವಿಗಳೇ ಮೊದಲು ತೆರಬೇಕು. ಕಬ್ಬು ಮುಂತಾದ, ನೀರನ್ನು ಕುಡಿದು ಮುಗಿಸುವ ಬೆಳೆಯನ್ನು ಬೆಳೆಯಕೂಡದು.

ಈ ಕೊನೆಯ ಕಟ್ಟಳೆಯ ಭಾರ ಎಷ್ಟೆಂಬುದನ್ನು ಪಶ್ಚಿಮ ಮಹಾರಾಷ್ಟ್ರವನ್ನು ಬಲ್ಲವರೇ ಬಲ್ಲರು. ಕಬ್ಬೆಂದರೆ ಇಲ್ಲಿ ನಗದು, ಸಕ್ಕರೆ ಕಾರ್ಖಾನೆಯ ಷೇರು, ಚುನಾವಣೆಯ ಬಲ. ರಾಜ್ಯದ ಸಾಗುವಳಿಯ ನೆಲದಲ್ಲಿ ಅಲ್ಪಭಾಗವನ್ನು ಮಾತ್ರ ಆಕ್ರಮಿಸಿರುವ ಆ ಬೆಳೆ, ನೀರಾವರಿಯ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೀರುತ್ತದೆಂದು ಲೆಕ್ಕಹಾಕಿದವರು ಹೇಳುತ್ತಾರೆ. ನದಿಯ ಬಯಲಿನ ನೆಂಟನು ಕಬ್ಬಿನ ಹಣದಿಂದ ಮಹಡಿ ಮನೆ ಕಟ್ಟಿಸುತ್ತಿರುವಾಗ, ತನ್ನ ಬಾವಿಯಲ್ಲಿ ನೀರಿದ್ದೂ ಜೋಳ, ಕಾಳು, ತರಕಾರಿಗಳಲ್ಲಿಯೇ ನಿಲ್ಲಬೇಕಾದವನ ಮನಸ್ಸು ಎಷ್ಟು ಬಾರಿ ಹೊಯ್ದಾಡಿರಬೇಕು! ಕೌತ್ಸನಿಗಾದರೋ ಆ ಪರೀಕ್ಷೆ ಒಂದೇ ಬೆಳಗಿನದು. ಇವರಿಗೆ ಅದು ಪ್ರತಿ ಹಂಗಾಮಿನಲ್ಲಿಯೂ ಬಂದಿತು. ಅವರನ್ನು ಹಿಡಿದು ನಿಲ್ಲಿಸಿದುದು ಎಲ್ಲರೂ ಕೂಡಿ ಒಪ್ಪಿದ ಅಳತೆ, ಸರದಿಯಂತೆ ನೀರು ಬಿಡಲು ಅವರೇ ನೇಮಿಸಿಕೊಂಡ ಪಾಟಕರಿ, ಒಬ್ಬರ ಕಾಲುವೆಯನ್ನು ಇನ್ನೊಬ್ಬರು ನೋಡುತ್ತಿದ್ದ ಕಣ್ಣು. ಊರಿಗೆ ಊರೇ ಲಕ್ಕಮ್ಮನಾದಂತೆ.

ಇದನ್ನು ಪವಾಡವೆಂದು ಹೊಗಳುವುದು ಆ ರೈತರಿಗೆ ಅನ್ಯಾಯ. ಎಲ್ಲ ಊರುಗಳಲ್ಲಿಯೂ ಅದು ಒಂದೇ ಬಲದಿಂದ ನಿಲ್ಲಲಿಲ್ಲ. ನೀರನ್ನು ತಲೆಯೆಣಿಸಿ ಹಂಚುವ ನಿಯಮವು ರಾಜ್ಯದ ನಿಯಮವೂ ಆಗಲಿಲ್ಲ. 2002ರಲ್ಲಿ ಸಾಳುಂಕೆಯವರು ತೀರಿಕೊಂಡರು. ಆದರೆ ಅಸಾಧ್ಯವೆಂದು ಪುಸ್ತಕದವರು ಹೇಳುತ್ತಿದ್ದುದೊಂದು ಪುಣೆಯ ಮಗ್ಗುಲಲ್ಲೇ ನಡೆದುಹೋಯಿತು. ಸಮಾನ ಸ್ವತ್ತೆಂಬುದು ಹಾಳಾಗಲೇಬೇಕು, ಸರಕಾರ ಹಿಡಿಯಬೇಕು ಇಲ್ಲವೇ ಸಾಹುಕಾರ ಕೊಳ್ಳಬೇಕು ಎಂದು ವಾದಿಸಿದವರಿಗೆ ಉತ್ತರವಾಗಿ, ಎಲಿನರ್ ಆಸ್ಟ್ರಮ್ ಎಂಬ ಅಮೆರಿಕದ ವಿದುಷಿ ನಾನಾ ದೇಶಗಳ ಕಾಲುವೆ, ಕಾಡು, ಮೀನುಗಾರಿಕೆಗಳನ್ನು ಪರಿಶೀಲಿಸಿ, ಬಳಸುವವರೇ ಕೂಡಿ ಕಟ್ಟಳೆ ಮಾಡಿಕೊಂಡಲ್ಲಿ ಅವು ಶತಮಾನಗಳ ಕಾಲ ಉಳಿದುದುಂಟೆಂದು ತೋರಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದ ಮೊದಲ ಮಹಿಳೆ ಅವರೇ.

ನೀರಿನ ಲೆಕ್ಕವನ್ನು ಭಕ್ತಿಯ ಪುಟದಲ್ಲಿ ಬರೆಯುವುದೇಕೆ ಎಂದು ಕೇಳುವವರು ಗೀತೆಯ ಮೂರನೆಯ ಅಧ್ಯಾಯವನ್ನು ಇನ್ನೊಮ್ಮೆ ತೆರೆಯಬಹುದು. ಅನ್ನದಿಂದ ಪ್ರಾಣಿ, ಮಳೆಯಿಂದ ಅನ್ನ, ಯಜ್ಞದಿಂದ ಮಳೆ ಎಂದು ತಿರುಗುವ ಚಕ್ರವೊಂದನ್ನು ಭಗವಂತನು ಅಲ್ಲಿ ತೋರಿಸಿದ್ದಾನೆ. ಚಕ್ರದಿಂದ ಕೊಂಡು ಚಕ್ರಕ್ಕೆ ಹಿಂತಿರುಗಿಸದೆ ಉಣ್ಣುವವನಿಗೆ ಅವನಿತ್ತ ಹೆಸರು ಅಜ್ಞಾನಿ ಎಂದಲ್ಲ, ನಾಸ್ತಿಕನೆಂದೂ ಅಲ್ಲ, ಕಳ್ಳನೆಂದು. ನೈವೇದ್ಯ ಮಾಡಿ ಉಂಡೆನೆಂಬ ಸಮಾಧಾನ ಮಾತ್ರದಿಂದ ಆ ಹೆಸರು ಕಳೆಯುವಂತಿಲ್ಲ. ದೇವರಿಗೆ ತೋರಿಸಿದ ತಟ್ಟೆಯು ನೆರೆಯವನಿಗೂ ತಲುಪಿತೆ, ನಾಳೆಯ ಮಳೆಗೂ ಅದರಲ್ಲಿ ಪಾಲಿದೆಯೆ ಎಂಬುದನ್ನು ಕೇಳಬೇಕಾಗುತ್ತದೆ.

ಪುಣೆಯ ಗೃಹಸ್ಥನಿಗೆ ಈ ಕೇಳಿಕೆ ದೂರದ್ದಲ್ಲ. ಅವನ ನಲ್ಲಿಗೆ ಬರುವುದು ಖಡಕವಾಸಲಾ, ಪಾನಶೇತ್, ವರಸಗಾಂವ್‌ಗಳ ನೀರು. ಅದೇ ನೀರು ಕಾಲುವೆಯಲ್ಲಿ ದೌಂಡ, ಇಂದಾಪುರಗಳ ಹೊಲಗಳಿಗೂ ಹೋಗಬೇಕು. ದಿನಕ್ಕೆ ತಲೆಗೆ 135 ಲೀಟರ್ ಎಂಬುದು ಇಂಥ ನಗರಗಳಿಗೆ ಸರಕಾರ ಇಟ್ಟಿರುವ ಅಳತೆ. ಪುಣೆ ಅದನ್ನು ಮೀರಿ ಸೆಳೆಯುತ್ತದೆಂಬ ದೂರು ಬೇಸಗೆ ಬೇಸಗೆಗೂ ಕೇಳಿಬರುತ್ತದೆ. ಪುರಂದರದ ಬಡ ರೈತನು ತನಗೆ ಅರ್ಧ ಎಕರೆಯ ನೀರು ಸಾಕೆಂದು ಕಾಗದದ ಮೇಲೆ ಬರೆದುಕೊಟ್ಟನು. ವಿದ್ಯಾವಂತನಾದ ನಗರವಾಸಿಯು ತನಗೆಷ್ಟು ಸಾಕೆಂದು ಯಾವ ಕಾಗದದ ಮೇಲೂ ಬರೆದಿಲ್ಲ. ಆಯುಧಪೂಜೆಯ ದಿನ ಒಂದೊಂದು ಮನೆಯ ಮುಂದೆ ಎರಡು ಮೂರು ವಾಹನಗಳು ಹೂವಿನ ಹಾರ ಹಾಕಿಸಿಕೊಂಡು ನಿಲ್ಲುತ್ತವೆ. ಪೂಜೆಗೆ ಮುನ್ನ ಅವುಗಳನ್ನು ಕೊಳವೆಯ ನೀರು ಬಿಟ್ಟು ತೊಳೆಯಲಾಗುತ್ತದೆ. ಹದಿನಾಲ್ಕು ಕೋಟಿ ಕೇಳುವುದರಲ್ಲಿ ತಪ್ಪಿಲ್ಲವೆಂದು ಮೇಲೆ ಹೇಳಿದ್ದಾಯಿತು. ತನ್ನ ಹದಿನಾಲ್ಕು ಎಲ್ಲಿ ಮುಗಿಯಿತೆಂದು ಆ ಗೃಹಸ್ಥನಿಗೆ ಗೊತ್ತಿದೆಯೆ? ಅವನಿಗೆ ಗೊತ್ತಿಲ್ಲದಿದ್ದರೆ, ಮೊರವನ್ನು ನೋಡಿ ಹೇಳುವವರು ಆ ಮನೆಯಲ್ಲಿ, ಆ ಸೊಸೈಟಿಯಲ್ಲಿ, ಆ ಸಂಘದಲ್ಲಿ ಯಾರಿದ್ದಾರೆ?

ದಸರೆ ಬರುವುದು ಮುಂಗಾರು ಮುಗಿದು ಹಿಂಗಾರು ತೊಡಗುವ ಸಂಧಿಯಲ್ಲಿ. ಜೇಜೂರಿಯಲ್ಲಿ ಆ ರಾತ್ರಿ ಖಂಡೋಬನ ಪಲ್ಲಕ್ಕಿ ಹೊರಡುತ್ತದೆ. ಸುತ್ತಲಿನ ಹಳ್ಳಿಗಳ ರೈತರು ಪಲ್ಲಕ್ಕಿಯನ್ನು ನೋಡಿ, ಆಪಟೆಯ ಎಲೆ ಕೊಟ್ಟು ಕೊಂಡು, ಹಣೆಯ ಮೇಲಿನ ಭಂಡಾರ ಮಾಸುವ ಮುನ್ನವೇ ಊರಿಗೆ ಮರಳಿ, ಬಾವಿಯ ಕಟ್ಟೆಯ ಬಳಿ ನಿಂತು ಒಳಕ್ಕೆ ಇಣುಕುತ್ತಾರೆ. ಮಳೆಗಾಲ ಎಷ್ಟು ತುಂಬಿಸಿಹೋಗಿದೆ, ಜೋಳಕ್ಕೆ ಸಾಲುತ್ತದೆಯೆ, ಎಷ್ಟು ಮನೆಗಳಿಗೆ ಎಷ್ಟೆಷ್ಟು ಎಂಬುದನ್ನು ಅವರು ಅಲ್ಲಿಯೇ ನಿಂತು ಎಣಿಸತೊಡಗುತ್ತಾರೆ.